ಸೂರ್ಯನಿಂದ ಗ್ರಹಗಳವರೆಗಿನ ಬಯಲು: ಸಂಶೋಧನೆಗೆ ಹಣ ಪಡೆಯುವ ದಾರಿ

ಸೂರ್ಯನಿಂದ ವಿದ್ಯುದಾವೇಶ ಹೊತ್ತ ಬಿಸಿ ಕಣಗಳು ಪ್ರತಿಕ್ಷಣವೂ ಹೊರಗೆ ಹರಿಯುತ್ತಲೇ ಇರುತ್ತವೆ. ಇದಕ್ಕೆ ಸೌರ ಮಾರುತ ಅಂತ ಹೆಸರು. ಸೆಕೆಂಡಿಗೆ ಸುಮಾರು 300ರಿಂದ 800 ಕಿ.ಮೀ. ವೇಗ. ಸೂರ್ಯನ ಕಾಂತಕ್ಷೇತ್ರವನ್ನೂ ಜೊತೆಗೇ ಎಳೆದುಕೊಂಡು ಇದು ಎಲ್ಲ ಗ್ರಹಗಳನ್ನೂ ದಾಟಿ ಹೋಗುತ್ತದೆ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಈ ಹರಿವಿನ ಗಡಿ ದಾಟಿದ್ದು 2012ರಲ್ಲಿ. ಅಷ್ಟು ದೊಡ್ಡ ಬಯಲು ಅದು. ಖಾಲಿ ಅಂತ ನಾವು ಅಂದುಕೊಳ್ಳುವ ಆ ಜಾಗದಲ್ಲಿ ಆಘಾತ ಅಲೆಗಳಿವೆ, ಸುಳಿಗಳಿವೆ, ಬೆಳಕಿನ ವೇಗಕ್ಕೆ ಹತ್ತಿರ ಓಡುವ ಕಣಗಳಿವೆ.

ಇದನ್ನೆಲ್ಲ ಓದಬೇಕು ಅನ್ನುವ ಆಸೆ ಹಲವರಿಗಿದೆ. ಹೆಚ್ಚಿನವರು ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಮುಂದೆ: ಹಣ ಎಲ್ಲಿಂದ ತರುವುದು? ಪಿಎಚ್‌ಡಿ ಮುಗಿಸುವ ಹಂತದಲ್ಲಿರುವವರು, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆಯ ಕೆಲಸ) ಹುಡುಕುತ್ತಿರುವವರು, ಈಗಷ್ಟೇ ಕೆಲಸಕ್ಕೆ ಸೇರಿ ಮೊದಲ ಪ್ರಪೋಸಲ್ ಬರೆಯಲು ಕೂತಿರುವವರು, ಈ ಲೇಖನ ನಿಮಗಾಗಿ.

ಮೊದಲು ಒಂದು ಒಳ್ಳೆಯ ಸುದ್ದಿ. ಈ ವಿಜ್ಞಾನದಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಅಂದರೆ ಉಪಗ್ರಹ. ಅದು ಆಗಲೇ ಮೇಲಿದೆ, ಅದರ ಖರ್ಚು ಆಗಿಹೋಗಿದೆ. ಅದು ಕಳಿಸುವ ಮಾಹಿತಿ ಬಹುಪಾಲು ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತದೆ. ನೀವು ಕೇಳುವ ಹಣ ಆ ಮಾಹಿತಿಯ ಮುಂದೆ ಕೂತು ಯೋಚಿಸುವವರ ಸಂಬಳಕ್ಕೆ. ಹಾಗಾಗಿ ಗ್ರಾಂಟ್ ಬರುವ ಮೊದಲೇ ಕೆಲಸ ಶುರು ಮಾಡಲು ಯಾವ ಅಡ್ಡಿಯೂ ಇಲ್ಲ. ಶುರು ಮಾಡಿದವರಿಗೇ ಗ್ರಾಂಟ್ ಬರುವ ಸಾಧ್ಯತೆ ಜಾಸ್ತಿ ಅನ್ನುವುದು ನನ್ನ ಗಟ್ಟಿ ನಂಬಿಕೆ. ಕೆಳಗಿನ ಹಂತಗಳೆಲ್ಲ ಇದೇ ನಂಬಿಕೆಯ ಮೇಲೆ ನಿಂತಿವೆ.

ಹಂತ 1: ಪ್ರಶ್ನೆಯನ್ನು ಸಣ್ಣದು ಮಾಡಿ

ಹೊಸಬರ ಪ್ರಪೋಸಲ್‌ಗೆ ಸಾಮಾನ್ಯವಾಗಿ ಇಂಥ ಶೀರ್ಷಿಕೆ ಇರುತ್ತದೆ: "ಸೌರ ಸ್ಫೋಟಗಳು ಬಾಹ್ಯಾಕಾಶ ಹವಾಮಾನದ ಮೇಲೆ ಬೀರುವ ಪರಿಣಾಮದ ಅಧ್ಯಯನ." ಇದರಲ್ಲಿ ವಿಷಯ ಇದೆ, ಪ್ರಶ್ನೆ ಇಲ್ಲ. ಮೂರು ವರ್ಷ ಆದ ಮೇಲೆ ಕೆಲಸ ಮುಗಿಯಿತೋ ಇಲ್ಲವೋ ಅಂತ ಹೇಳುವುದಾದರೂ ಹೇಗೆ? ಹಣ ಕೊಡುವವರು ಮೊದಲು ಕೇಳುವುದು ಅದನ್ನೇ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಆಗಾಗ ಕಾಂತಕ್ಷೇತ್ರ ತುಂಬಿಕೊಂಡ ದೊಡ್ಡ ಮೋಡವೊಂದು ಚಿಮ್ಮುತ್ತದೆ. ಇದನ್ನು ಸಿಎಂಇ ಅನ್ನುತ್ತಾರೆ. ತುಂಬ ವೇಗದ್ದು ಒಂದು ದಿನದೊಳಗೇ ಭೂಮಿ ತಲುಪುತ್ತದೆ, ನಿಧಾನದ್ದಕ್ಕೆ ನಾಲ್ಕೈದು ದಿನ ಬೇಕು. ಬಂದದ್ದು ಎಷ್ಟು ಜೋರಾಗಿ ಕಾಡುತ್ತದೆ ಅನ್ನುವುದು ಬಹುಮಟ್ಟಿಗೆ ಅದರೊಳಗಿನ ಕಾಂತಕ್ಷೇತ್ರ ಯಾವ ದಿಕ್ಕಿಗೆ ತಿರುಗಿದೆ ಅನ್ನುವುದರ ಮೇಲೆ ನಿಂತಿದೆ. ದಕ್ಷಿಣಕ್ಕೆ ತಿರುಗಿದ್ದರೆ ಅದು ಭೂಮಿಯ ಕಾಂತಕ್ಷೇತ್ರದ ಜೊತೆ ಬೆಸೆದುಕೊಳ್ಳುತ್ತದೆ, ಶಕ್ತಿ ಒಳಗೆ ನುಗ್ಗುತ್ತದೆ. ಉತ್ತರಕ್ಕೆ ತಿರುಗಿದ್ದರೆ ಬಹುಪಾಲು ಪಕ್ಕದಿಂದ ಜಾರಿ ಹೋಗುತ್ತದೆ.

ಕಷ್ಟ ಇರುವುದು ಇಲ್ಲಿ. ಈ ದಿಕ್ಕು ಖಚಿತವಾಗಿ ಗೊತ್ತಾಗುವುದು ಮೋಡ ಎಲ್1 ಬಿಂದುವಿಗೆ ಬಂದಾಗ. ಅದು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದೆ. ಅಲ್ಲಿ ಅಳೆದ ಮೇಲೆ ನಮಗೆ ಉಳಿಯುವುದು ಒಂದು ಗಂಟೆ ಆಚೀಚೆ. ಮೋಡ ವೇಗದ್ದಾದರೆ ಅರ್ಧ ಗಂಟೆ.

ಈಗ ಪ್ರಶ್ನೆ ಕಿರಿದಾಗುವುದನ್ನು ನೋಡಿ.

ಮೊದಲ ಸುತ್ತು: "ಸಿಎಂಇ ಒಳಗಿನ ಕಾಂತಕ್ಷೇತ್ರದ ದಿಕ್ಕನ್ನು ಮೊದಲೇ ಹೇಳಬಹುದೇ?" ಒಳ್ಳೆಯ ಪ್ರಶ್ನೆ, ಆದರೆ ಇಡೀ ಕ್ಷೇತ್ರವೇ ಹತ್ತಾರು ವರ್ಷದಿಂದ ಇದರ ಹಿಂದೆ ಬಿದ್ದಿದೆ.

ಎರಡನೇ ಸುತ್ತು: "ಸೂರ್ಯನ ಹತ್ತಿರ ಇದ್ದ ದಿಕ್ಕು ಭೂಮಿ ತಲುಪುವಷ್ಟರಲ್ಲಿ ಎಷ್ಟು ತಿರುಗುತ್ತದೆ, ಯಾಕೆ?" ಇದು ಸ್ವಲ್ಪ ವಾಸಿ.

ಮೂರನೇ ಸುತ್ತು: "ಹಿಂದಿನಿಂದ ವೇಗದ ಸೌರ ಮಾರುತ ಬಂದು ತಳ್ಳಿದಾಗ ಸಿಎಂಇ ಅಕ್ಷ (ಮೋಡದ ಉದ್ದಕ್ಕೂ ಹಾದ ನಡುಗೆರೆ) ಹೆಚ್ಚು ತಿರುಗುತ್ತದೆಯೇ? ಸೋಲಾರ್ ಆರ್ಬಿಟರ್ ನೌಕೆ ಸೂರ್ಯ ಮತ್ತು ಭೂಮಿಯ ನಡುವಿನ ಗೆರೆಗೆ ಹತ್ತಿರ ಇದ್ದ ದಿನಗಳನ್ನು ಆರಿಸಿಕೊಂಡು, ಅದೇ ಮೋಡವನ್ನು ಅಲ್ಲಿ ಒಮ್ಮೆ, ಎಲ್1 ಬಳಿ ಇರುವ ವಿಂಡ್ ನೌಕೆಯಲ್ಲಿ ಇನ್ನೊಮ್ಮೆ ಅಳೆದು ಹೋಲಿಸುತ್ತೇವೆ."

ಮೂರನೆಯದಕ್ಕೆ ಹಣ ಕೇಳಬಹುದು. ಯಾವ ನೌಕೆ, ಯಾವ ದಿನ, ಏನನ್ನು ಏನರ ಜೊತೆ ಹೋಲಿಸುವುದು ಎಲ್ಲ ಅದರಲ್ಲೇ ಇದೆ. ಉತ್ತರ "ಹೌದು" ಅಂತ ಬಂದರೂ "ಇಲ್ಲ" ಅಂತ ಬಂದರೂ ಕ್ಷೇತ್ರಕ್ಕೆ ಒಂದು ಹೊಸ ಸಂಗತಿ ಸಿಗುತ್ತದೆ. ನಿಮ್ಮ ಪ್ರಶ್ನೆಗೂ ಇದೇ ಪರೀಕ್ಷೆ ಮಾಡಿ. "ಇಲ್ಲ" ಅನ್ನುವ ಉತ್ತರ ಬಂದರೆ ನಿಮ್ಮ ಕೆಲಸ ವ್ಯರ್ಥ ಅನಿಸುವುದಾದರೆ ಪ್ರಶ್ನೆಯನ್ನು ಇನ್ನೂ ತಿದ್ದಬೇಕು.

ಸಿಎಂಇ ಬೇಡ ಅನ್ನುವವರಿಗೆ ಬೇರೆ ಜಾಗವೂ ಬೇಕಾದಷ್ಟಿದೆ. ಸೌರ ಮಾರುತ ದೂರ ಹೋದಂತೆ ಲೆಕ್ಕದ ಪ್ರಕಾರ ತಣ್ಣಗಾಗಬೇಕಾದಷ್ಟು ತಣ್ಣಗಾಗುವುದಿಲ್ಲ. ಅದಕ್ಕೆ ಶಾಖ ಎಲ್ಲಿಂದ ಸಿಗುತ್ತಿದೆ? ಒಂದು ಸ್ಫೋಟದ ಕಣಗಳು ಸೂರ್ಯನ ಸುತ್ತ ಇಷ್ಟು ಅಗಲಕ್ಕೆ ಹೇಗೆ ಹರಡುತ್ತವೆ? ಸೂರ್ಯನ ಹತ್ತಿರ ಹಾದುಹೋಗುವ ಪಾರ್ಕರ್ ಸೋಲಾರ್ ಪ್ರೋಬ್ ನೌಕೆ ಕಂಡ ಕಾಂತಕ್ಷೇತ್ರದ ಹಠಾತ್ ತಿರುವುಗಳು ಎಲ್ಲಿ ಹುಟ್ಟುತ್ತವೆ? 2025ರ ಸೆಪ್ಟೆಂಬರ್‌ನಲ್ಲಿ ಹಾರಿದ ಐಮ್ಯಾಪ್ ನೌಕೆ ಸೌರ ಮಾರುತದ ಹೊರಗಿನ ಗಡಿಯ ಬಗ್ಗೆ ಹೊಸ ಮಾಹಿತಿ ತರಲೆಂದೇ ಹೋಗಿದೆ.

ಹಂತ 2: ಹಣಕ್ಕೆ ಕಾಯದೆ ಮಾಹಿತಿ ತೆರೆದು ನೋಡಿ

ಪ್ರಪೋಸಲ್‌ನ ಒಂದು ಸಾಲು ಬರೆಯುವ ಮೊದಲು ಒಂದೇ ಒಂದು ಘಟನೆಯನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡಿ. ಬೇಕಾದ್ದು ಒಂದು ಲ್ಯಾಪ್‌ಟಾಪ್ ಮತ್ತು ಇಂಟರ್‌ನೆಟ್.

ಎಲ್1 ಬಳಿಯ ಸೌರ ಮಾರುತಕ್ಕೆ ಎಲ್ಲರೂ ಮೊದಲು ಹೋಗುವುದು ಓಮ್ನಿ ಎಂಬ ಸಂಗ್ರಹಕ್ಕೆ. ಇದನ್ನು ನಡೆಸುವುದು ನಾಸಾದ ಗೊಡಾರ್ಡ್ ಕೇಂದ್ರ. ಅದರಲ್ಲಿ ಗಂಟೆ ಲೆಕ್ಕದ ಮಾಹಿತಿ 1963ರಿಂದ ಇದೆ. ವಿಂಡ್, ಏಸ್, ಸ್ಟೀರಿಯೊ, ಪಾರ್ಕರ್ ನೌಕೆಗಳ ಅಳತೆಗಳಿಗೆ ಅಲ್ಲಿಯದೇ ಸಿಡಿಎವೆಬ್ ಎಂಬ ತಾಣ ಇದೆ. ಸೋಲಾರ್ ಆರ್ಬಿಟರ್‌ಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾ ತನ್ನದೇ ಭಂಡಾರ ಇಟ್ಟಿದೆ. 2024ರ ಜನವರಿ 6ರಂದು ಎಲ್1 ಸುತ್ತಲಿನ ಕಕ್ಷೆ ಸೇರಿದ ಆದಿತ್ಯ-ಎಲ್1 ಮಾಹಿತಿ ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿದೆ. ಸೂರ್ಯನ ಚಿತ್ರಗಳನ್ನು ಬೇಗ ಕಣ್ಣಾಡಿಸಿ ನೋಡಲು ಹೀಲಿಯೋವ್ಯೂವರ್ ಸಾಕು. ಪೈಥಾನ್ ಬರುವವರಿಗೆ ಸನ್‌ಪೈ, ಪೈಸ್ಪೆಡಾಸ್ ಎಂಬ ಉಚಿತ ಪ್ಯಾಕೇಜ್‌ಗಳಿವೆ. ನಿಮ್ಮಲ್ಲಿ ದೊಡ್ಡ ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆ ಬೇಡ. ಗೊಡಾರ್ಡ್‌ನಲ್ಲೇ ಇರುವ ಸಿಸಿಎಂಸಿ ಎಂಬ ಕೇಂದ್ರಕ್ಕೆ ಕೇಳಿಕೊಂಡರೆ ಸೌರ ಮಾರುತವನ್ನು ಲೆಕ್ಕ ಹಾಕುವ ಎನ್‌ಲಿಲ್‌ನಂಥ ಕಂಪ್ಯೂಟರ್ ಮಾಡೆಲ್‌ಗಳನ್ನು ಅವರೇ ಓಡಿಸಿ ಫಲಿತಾಂಶ ಕೊಡುತ್ತಾರೆ.

ಹೀಗೆ ಕೈ ಹಚ್ಚಿದಾಗಲೇ ನಿಜವಾದ ಗುಂಡಿಗಳು ಕಾಣುವುದು. ಒಂದು ಉದಾಹರಣೆ ಹೇಳುತ್ತೇನೆ. ಓಮ್ನಿಯ ನಿಮಿಷ ಲೆಕ್ಕದ ಮಾಹಿತಿಯಲ್ಲಿ ಸಮಯವನ್ನು ಆಗಲೇ ಭೂಮಿಯ ಮುಂದಿನ ಆಘಾತ ಅಲೆಯ ತುದಿಗೆ ಸರಿಸಿಟ್ಟಿರುತ್ತಾರೆ. ಇದು ಗೊತ್ತಿಲ್ಲದೆ ಎಲ್1ರಿಂದ ಭೂಮಿಗೆ ಬರುವ ಸಮಯವನ್ನು ನೀವು ಇನ್ನೊಮ್ಮೆ ಸೇರಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನೊಂದು: ಸ್ಟೀರಿಯೊ ಜೋಡಿ ನೌಕೆಗಳಲ್ಲಿ ಒಂದಾದ ಸ್ಟೀರಿಯೊ-ಬಿಯ ಸಂಪರ್ಕ 2014ರ ಅಕ್ಟೋಬರ್‌ನಲ್ಲಿ ತಪ್ಪಿತು. ಅದರ ನಂತರದ ಘಟನೆಗೆ ಮೂರು ಕಡೆಯಿಂದ ನೋಡುತ್ತೇವೆ ಅಂತ ಹಳೆಯ ಲೇಖನ ನೋಡಿಕೊಂಡು ಬರೆದರೆ, ಮಾಹಿತಿಯನ್ನೇ ತೆರೆದಿಲ್ಲ ಅಂತ ವಿಮರ್ಶಕರಿಗೆ ಒಂದೇ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

ಘಟನೆಗಳನ್ನು ಎಣಿಸಿ. ಇದು ಬಹಳ ಮುಖ್ಯ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈಗಿನ 25ನೇ ಚಕ್ರ ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ, ಅದು ಗರಿಷ್ಠ ಹಂತಕ್ಕೆ ಬಂದಿದೆ ಅಂತ ಘೋಷಣೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಿಮ್ಮ ನೌಕೆ ಕೆಲಸ ಮಾಡಿದ ಅವಧಿಯಲ್ಲಿ ನಿಮಗೆ ಬೇಕಾದಂಥ ಘಟನೆ ಐದೇ ಸಿಕ್ಕರೆ, ಅಂಕಿಅಂಶದ ಮಾತು ಬಿಟ್ಟು ಒಂದೊಂದು ಘಟನೆಯನ್ನೂ ಆಳವಾಗಿ ನೋಡುವ ಯೋಜನೆ ಬರೆಯಿರಿ. ಐವತ್ತು ಸಿಕ್ಕರೆ ಬೇರೆ ದಾರಿ.

ಈ ಹಂತದ ಕೊನೆಗೆ ನಿಮ್ಮ ಕೈಯಲ್ಲಿ ಒಂದು ಚಿತ್ರ ಇರಬೇಕು. ಒಂದೇ ಘಟನೆಯದಾದರೂ ಸಾಕು, ನಿಮ್ಮ ವಿಧಾನ ನಡೆಯುತ್ತದೆ ಅಂತ ತೋರಿಸುವ ಚಿತ್ರ. ಪ್ರಪೋಸಲ್‌ನಲ್ಲಿ ಹತ್ತು ಪ್ಯಾರಾ ಮಾಡಲಾಗದ ಕೆಲಸವನ್ನು ಅದೊಂದು ಮಾಡುತ್ತದೆ.

ಹಂತ 3: ಯಾವ ಬಾಗಿಲು ತಟ್ಟುವುದು?

ಈ ವಿಷಯಕ್ಕೇ ಹೆಚ್ಚು ಹತ್ತಿರವಾದದ್ದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್ ನಡೆಸುತ್ತ ಬಂದ ಶೈನ್ ಕಾರ್ಯಕ್ರಮ. ಸೂರ್ಯ, ಸೂರ್ಯನ ಹರಿವು ಹರಡಿರುವ ಹೀಲಿಯೋಸ್ಫಿಯರ್, ಗ್ರಹಗಳ ನಡುವಿನ ಪರಿಸರ, ಈ ಮೂರನ್ನೂ ಒಟ್ಟಿಗೆ ನೋಡುವ ಕೆಲಸಕ್ಕೆ ಅದು ನೆರವು ಕೊಡುತ್ತ ಬಂದಿದೆ. ಅದೇ ಹೆಸರಿನ ಕಾರ್ಯಾಗಾರವೂ ನಡೆಯುತ್ತದೆ. ಆ ಕಾರ್ಯಾಗಾರದಲ್ಲಿ ಜನ ಯಾವುದಕ್ಕೆ ವಾದ ಮಾಡುತ್ತಿದ್ದಾರೆ ಅಂತ ಗಮನಿಸಿದರೆ ಮುಂದಿನ ಪ್ರಶ್ನೆಗಳು ಎಲ್ಲಿವೆ ಅಂತ ಗೊತ್ತಾಗುತ್ತದೆ.

ನಾಸಾದ ಹಣ ರೋಸಸ್ ಎಂಬ ವಾರ್ಷಿಕ ಪ್ರಕಟಣೆಯ ಮೂಲಕ ಬರುತ್ತದೆ. ಅದರಲ್ಲಿ ಹೀಲಿಯೋಫಿಸಿಕ್ಸ್‌ಗೆ, ಅಂದರೆ ಸೂರ್ಯ ಮತ್ತು ಅದರ ಪ್ರಭಾವದ ವಿಜ್ಞಾನಕ್ಕೆ, ಹಲವು ಬಾಗಿಲುಗಳಿವೆ. ಸಪೋರ್ಟಿಂಗ್ ರಿಸರ್ಚ್ ಸಾಮಾನ್ಯ ವಿಜ್ಞಾನಕ್ಕೆ. ಗೆಸ್ಟ್ ಇನ್ವೆಸ್ಟಿಗೇಟರ್ ಕೆಲಸ ಮಾಡುತ್ತಿರುವ ನೌಕೆಗಳ ಮಾಹಿತಿ ಬಳಸುವವರಿಗೆ. ಲಿವಿಂಗ್ ವಿತ್ ಎ ಸ್ಟಾರ್‌ನಲ್ಲಿ ವಿಷಯಗಳನ್ನು ಅವರೇ ಗೊತ್ತುಮಾಡಿರುತ್ತಾರೆ. ಆಯ್ಕೆಯಾದವರೆಲ್ಲ ಒಂದು ತಂಡವಾಗಿ ಕೆಲಸ ಮಾಡಬೇಕು. ಹಾಗಾಗಿ ನಿಮ್ಮ ಕೆಲಸ ತಂಡಕ್ಕೆ ಏನು ಕೊಡುತ್ತದೆ ಅಂತಲೂ ಬರೆಯಬೇಕು. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಫಿನೆಸ್ಟ್ ಎಂಬುದು ಪ್ರತ್ಯೇಕವಾಗಿದೆ.

ಅಮೆರಿಕದ ಹೊರಗಿನವರು ಒಂದು ಮಾತು ನೆನಪಿಡಬೇಕು. ಬೇರೆ ದೇಶದ ಸಂಸ್ಥೆಗಳ ಜೊತೆ ನಾಸಾ ಕೆಲಸ ಮಾಡುವುದು ಹಣದ ಕೊಡುಕೊಳ್ಳುವಿಕೆ ಇಲ್ಲದೆ. ನೀವು ಪ್ರಪೋಸಲ್‌ನಲ್ಲಿ ಸಹಯೋಗಿ ಆಗಬಹುದು, ನಿಮ್ಮ ಪಾಲಿನ ಖರ್ಚು ನಿಮ್ಮ ಕಡೆಯಿಂದಲೇ ಬರಬೇಕು. ಇದು ಗೊತ್ತಿಲ್ಲದೆ ವಾರಗಟ್ಟಲೆ ಕೆಲಸ ಮಾಡಿ ಕೊನೆಗೆ ಬಜೆಟ್ ಹಾಳೆ ಮುಂದೆ ಬೇಸರಪಡುವವರು ಇದ್ದಾರೆ.

ಯುರೋಪಿನಲ್ಲಿ ಇಆರ್‌ಸಿ (ಯುರೋಪಿನ ಸಂಶೋಧನಾ ಮಂಡಳಿ) ಮತ್ತು ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಫೆಲೋಶಿಪ್ ದೊಡ್ಡ ದಾರಿಗಳು. ಎರಡಕ್ಕೂ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಇಆರ್‌ಸಿ ಸ್ಟಾರ್ಟಿಂಗ್ ಗ್ರಾಂಟ್ ಐದು ವರ್ಷಕ್ಕೆ 15 ಲಕ್ಷ ಯೂರೊವರೆಗೆ ಕೊಡುತ್ತದೆ, ಆದರೆ ಕೆಲಸ ಮಾಡುವ ಸಂಸ್ಥೆ ಯುರೋಪಿಯನ್ ಒಕ್ಕೂಟದ ದೇಶದಲ್ಲಿ ಅಥವಾ ಅದರ ಜೊತೆ ಒಪ್ಪಂದ ಇರುವ ದೇಶದಲ್ಲಿ ಇರಬೇಕು. ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಓಡಾಟದ ನಿಯಮ ಇದೆ. ಸಾಮಾನ್ಯವಾಗಿ, ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ನೀವು ಇದ್ದಿರಬಾರದು. ಭಾರತದ ಸಂಸ್ಥೆಗಳಲ್ಲಿ ಇರುವವರಿಗೆ ಇಸ್ರೋದ ರೆಸ್ಪಾಂಡ್ ಎಂಬ ಕಾರ್ಯಕ್ರಮ ಇದೆ, ಹಿಂದೆ ಎಸ್‌ಇಆರ್‌ಬಿ ಎಂಬ ಸರ್ಕಾರಿ ಮಂಡಳಿ ಮಾಡುತ್ತಿದ್ದ ಕೆಲಸವನ್ನು ಈಗ ನೋಡಿಕೊಳ್ಳುವ ಎಎನ್‌ಆರ್‌ಎಫ್ ಎಂಬ ಸಂಸ್ಥೆ ಇದೆ.

ಸಣ್ಣ ಬಾಗಿಲುಗಳನ್ನು ಕಡೆಗಣಿಸಬೇಡಿ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿರುವ ಐಎಸ್‌ಎಸ್‌ಐ ಎಂಬ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಬೇರೆ ಬೇರೆ ದೇಶಗಳ ಸಣ್ಣ ತಂಡಗಳನ್ನು ಒಂದೊಂದು ವಾರ ಕೂಡಿಸಿ ಅಲ್ಲಿ ಉಳಿಯುವ ಖರ್ಚು ಕೊಡುತ್ತದೆ. ಸಂಬಳ ಅದರಲ್ಲಿ ಸಿಗುವುದಿಲ್ಲ, ಜೊತೆಗಾರರು ಸಿಗುತ್ತಾರೆ. ಸೂರ್ಯ ಮತ್ತು ಭೂಮಿಯ ಸಂಬಂಧದ ಮೇಲೆ ಕೆಲಸ ಮಾಡುವ ಸ್ಕೋಸ್ಟೆಪ್ ಎಂಬ ಅಂತರರಾಷ್ಟ್ರೀಯ ಸಮಿತಿ ಯುವಕರು ಬೇರೆ ದೇಶದ ಪ್ರಯೋಗಾಲಯಕ್ಕೆ ಹೋಗಿ ಕಲಿಯಲು ನೆರವಾಗುತ್ತದೆ. ಬಾಹ್ಯಾಕಾಶ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ ಕೋಸ್ಪಾರ್ ತರಬೇತಿ ಕಾರ್ಯಾಗಾರ ನಡೆಸುತ್ತದೆ. ಇಲ್ಲಿ ಸಿಕ್ಕ ಪರಿಚಯವೇ ಮುಂದೆ ದೊಡ್ಡ ಪ್ರಪೋಸಲ್‌ನಲ್ಲಿ ನಿಮ್ಮ ಸಹಯೋಗಿ ಆಗುತ್ತದೆ.

ಒಂದೇ ಬರಹವನ್ನು ಎಲ್ಲ ಕಡೆಗೂ ಕಳಿಸುವುದು ಬೇಡ. ನಾಸಾ ತನ್ನ ಗುರಿಗಳಿಗೆ, ತನ್ನ ನೌಕೆಗಳಿಗೆ ನಿಮ್ಮ ಕೆಲಸ ಹೇಗೆ ಹೊಂದುತ್ತದೆ ಅಂತ ಕೇಳುತ್ತದೆ. ಎನ್‌ಎಸ್‌ಎಫ್ ವಿಜ್ಞಾನದ ತೂಕವನ್ನೂ ಸಮಾಜಕ್ಕೆ ಆಗುವ ಉಪಯೋಗವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಇಆರ್‌ಸಿಗೆ ದೊಡ್ಡ, ಧೈರ್ಯದ ಪ್ರಶ್ನೆ ಬೇಕು, ಅದನ್ನು ಹಿಡಿದ ವ್ಯಕ್ತಿಯ ಮೇಲೂ ಕಣ್ಣಿರುತ್ತದೆ.

ಹಂತ 4: ಪ್ರಕಟಣೆ ಪೂರ್ತಿ ಓದಿ, ಆಮೇಲೆ ಮಾತಾಡಿ

ಪುಟಗಳ ಮಿತಿ, ಅಕ್ಷರದ ಗಾತ್ರ, ಯಾರು ಅರ್ಜಿ ಹಾಕಬಹುದು, ಒಂದೇ ಹಂತವೋ ಎರಡೋ, ಎಲ್ಲವೂ ಪ್ರಕಟಣೆಯಲ್ಲಿ ಇರುತ್ತದೆ ಮತ್ತು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ರೋಸಸ್‌ನ ಹಲವು ಕಾರ್ಯಕ್ರಮಗಳಲ್ಲಿ ಮೊದಲು ಸಣ್ಣದೊಂದು ಮೊದಲ ಹಂತದ ಅರ್ಜಿ, ಆಮೇಲೆ ಪೂರ್ತಿ ಪ್ರಪೋಸಲ್. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಅವಕಾಶ ಇಲ್ಲ. ಹೋದ ವರ್ಷದ ಪಿಡಿಎಫ್ ನೋಡಿಕೊಂಡು ಕೂರಬೇಡಿ.

ಹಿಂದೆ ಯಾವುದಕ್ಕೆ ಹಣ ಸಿಕ್ಕಿದೆ ಅಂತ ನೋಡಿ. ಎನ್‌ಎಸ್‌ಎಫ್ ಕೊಟ್ಟ ಗ್ರಾಂಟ್‌ಗಳ ಸಾರಾಂಶವನ್ನು ಯಾರು ಬೇಕಾದರೂ ಹುಡುಕಿ ಓದಬಹುದು. ನಾಸಾದ ಎನ್‌ಸ್ಪೈರ್ಸ್ ತಾಣದಲ್ಲೂ ಆಯ್ಕೆಯಾದ ಯೋಜನೆಗಳ ಸಾರಾಂಶ ಇರುತ್ತದೆ. ಇಪ್ಪತ್ತು ಸಾರಾಂಶ ಓದಿದರೆ ಪ್ರಶ್ನೆ ಎಷ್ಟು ಗಾತ್ರದ್ದಿರಬೇಕು ಅಂತ ಅಂದಾಜು ಸಿಗುತ್ತದೆ. ನಿಮ್ಮದೇ ಪ್ರಶ್ನೆಗೆ ಇನ್ಯಾರಿಗೋ ಆಗಲೇ ಹಣ ಸಿಕ್ಕಿದೆಯೇ ಅನ್ನುವುದೂ ಗೊತ್ತಾಗುತ್ತದೆ.

ಆಮೇಲೆ ಕಾರ್ಯಕ್ರಮದ ಅಧಿಕಾರಿಗೆ ಒಂದು ಇಮೇಲ್ ಬರೆಯಿರಿ. ಹೊಸಬರು ಇದಕ್ಕೆ ಹಿಂಜರಿಯುತ್ತಾರೆ, ಹಿಂಜರಿಯಬೇಕಿಲ್ಲ. ಅವರ ಕೆಲಸದಲ್ಲಿ ಇದೂ ಸೇರಿದೆ. ಅರ್ಧ ಪುಟದಲ್ಲಿ ಪ್ರಶ್ನೆ ಮತ್ತು ವಿಧಾನ ಹೇಳಿ, "ಇದು ನಿಮ್ಮ ಕಾರ್ಯಕ್ರಮಕ್ಕೆ ಹೊಂದುತ್ತದೆಯೇ?" ಅಂತ ಕೇಳಿ. ಚೆನ್ನಾಗಿದೆಯೇ ಅಂತ ಕೇಳಬೇಡಿ, ಅದಕ್ಕೆ ಅವರು ಉತ್ತರ ಕೊಡುವಂತಿಲ್ಲ.

ಹಂತ 5: ಬರೆಯುವುದು

ನಿಮ್ಮ ಪ್ರಪೋಸಲ್ ಓದುವವರು ಯಾರು ಅಂತ ಕಣ್ಮುಂದೆ ತಂದುಕೊಳ್ಳಿ. ಪ್ರಪೋಸಲ್ ತೂಗಿ ನೋಡುವ ತಜ್ಞರ ಪ್ಯಾನೆಲ್‌ನಲ್ಲಿ ಒಬ್ಬರು ನಿಮ್ಮದೇ ವಿಷಯದವರು ಇರಬಹುದು. ಇನ್ನೊಬ್ಬರು ಭೂಮಿಯ ಕಾಂತಗೋಳದ ಮೇಲೆ ಕೆಲಸ ಮಾಡುವವರು, ಮತ್ತೊಬ್ಬರು ಸೂರ್ಯನ ಒಳಭಾಗದವರು. ಎಲ್ಲರೂ ತಮ್ಮ ಕೆಲಸದ ನಡುವೆ ರಾಶಿ ಪ್ರಪೋಸಲ್ ಓದುತ್ತಿರುತ್ತಾರೆ. ಮೊದಲ ಪುಟದಲ್ಲೇ ಮೂರು ಸಂಗತಿ ಅವರಿಗೆ ಸಿಗಬೇಕು: ಏನು ಗೊತ್ತಿಲ್ಲ, ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ, ಈಗ ಹೇಗೆ ಗೊತ್ತಾಗುತ್ತದೆ.

ಮೂರನೆಯದೇ ಜೀವಾಳ. ಈ ಕ್ಷೇತ್ರದಲ್ಲಿ ಅದಕ್ಕೆ ಈಗ ಬಹಳ ಒಳ್ಳೆಯ ಉತ್ತರಗಳಿವೆ. ಪಾರ್ಕರ್ ನೌಕೆ 2021ರಲ್ಲಿ ಮೊದಲ ಸಲ ಕರೋನಾದ ಒಳಗೇ ಹೋಯಿತು. 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿ.ಮೀ. ಹತ್ತಿರ ಹಾದುಹೋಯಿತು. 2020ರಲ್ಲಿ ಹೊರಟ ಸೋಲಾರ್ ಆರ್ಬಿಟರ್ ಸೂರ್ಯನ ಧ್ರುವದ ಕಡೆ ಬಾಗಿ ನೋಡುತ್ತಿದೆ. 2025ರ ಮಾರ್ಚ್‌ನಲ್ಲಿ ಹಾರಿದ ಪಂಚ್‌ನ ನಾಲ್ಕು ಪುಟ್ಟ ಉಪಗ್ರಹಗಳು ಸಿಎಂಇ ಸೂರ್ಯನಿಂದ ಹೊರಟು ಗ್ರಹಗಳ ನಡುವೆ ಸಾಗುವುದನ್ನು ಚಿತ್ರ ತೆಗೆಯುತ್ತಿವೆ. ಹತ್ತು ವರ್ಷದ ಹಿಂದೆ ಇವು ಯಾವುವೂ ಇರಲಿಲ್ಲ, ಅಲ್ವಾ? ನಿಮ್ಮ ಪ್ರಶ್ನೆಗೆ ಇವುಗಳಲ್ಲಿ ಯಾವುದು ಬೀಗ ತೆಗೆಯುತ್ತದೆ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ.

"ಇದು ಯಾಕೆ ಮುಖ್ಯ" ಅನ್ನುವ ಪ್ಯಾರಾ ಬಗ್ಗೆ ಒಂದು ಮಾತು. ಸೂರ್ಯನ ಸ್ಫೋಟ ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸುವುದಕ್ಕೆ ಬಿರುಗಾಳಿ ಅನ್ನುತ್ತಾರೆ. 1859ರ ಕ್ಯಾರಿಂಗ್ಟನ್ ಘಟನೆ ಎಂಬ ಮಹಾ ಬಿರುಗಾಳಿ, ಇನ್ನೊಂದು ಬಿರುಗಾಳಿಯಿಂದ 1989ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲೆಯಲ್ಲಿ ಇದ್ದದ್ದು, ಇವೆರಡನ್ನು ಪ್ಯಾನೆಲ್‌ನವರು ಬಾಯಿಪಾಠ ಆಗುವಷ್ಟು ಸಲ ಓದಿರುತ್ತಾರೆ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧ ಇರುವ ಉದಾಹರಣೆ ಆರಿಸಿ. ಸಿಎಂಇಗಳು ಒಂದರ ಹಿಂದೆ ಒಂದು ಬಂದು ಕೂಡಿಕೊಳ್ಳುವುದನ್ನು ಓದುತ್ತಿದ್ದರೆ 2024ರ ಮೇ ತಿಂಗಳ ಬಿರುಗಾಳಿಯನ್ನು ಎತ್ತಿಕೊಳ್ಳಿ. ಅದು ಎರಡು ದಶಕಗಳಲ್ಲೇ ದೊಡ್ಡದು, ಹಲವು ಸಿಎಂಇಗಳು ಸೇರಿ ಆದದ್ದು. ಸಾಧಾರಣ ಬಿರುಗಾಳಿಯೂ ಯಾಕೆ ಮುಖ್ಯ ಅಂತ ಹೇಳಬೇಕಿದ್ದರೆ 2022ರ ಫೆಬ್ರವರಿ ನೋಡಿ. ಆಗ ಮೇಲಿನ ವಾತಾವರಣ ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಕಳೆದುಹೋದವು.

ವಿಧಾನದ ಭಾಗದಲ್ಲಿ ಹಂತ ಹಂತವಾಗಿ ಹೇಳಿ. ಯಾವ ಉಪಕರಣದ ಮಾಹಿತಿ, ಯಾವ ಅವಧಿ, ಅಳತೆಯಲ್ಲಿ ಎಷ್ಟು ಅನಿಶ್ಚಿತತೆ, ಆ ಅನಿಶ್ಚಿತತೆಯ ನಡುವೆಯೂ ನಿಮ್ಮ ಉತ್ತರ ಕಾಣಿಸುತ್ತದೆಯೇ? ಸಿಎಂಇ ಯಾವಾಗ ತಲುಪುತ್ತದೆ ಅಂತ ಹೇಳುವ ಮಾಡೆಲ್‌ಗಳು ಈಗಲೂ ಸರಾಸರಿ ಹತ್ತು ಗಂಟೆ ಆಚೀಚೆ ತಪ್ಪುತ್ತವೆ. ನಿಮ್ಮ ಹೊಸ ವಿಧಾನದಿಂದ ಎರಡು ಗಂಟೆ ಸುಧಾರಣೆ ಬರುತ್ತದೆ ಅನ್ನುವುದಾದರೆ, ಬರೀ ಆರು ಘಟನೆಗಳಲ್ಲಿ ಅದನ್ನು ಹೇಗೆ ಸಾಬೀತು ಮಾಡುತ್ತೀರಿ? ವಿಮರ್ಶಕರು ಇದನ್ನು ಕೇಳಿಯೇ ಕೇಳುತ್ತಾರೆ. ಅವರಿಗಿಂತ ಮೊದಲು ನೀವೇ ಕೇಳಿಕೊಂಡು ಉತ್ತರ ಬರೆದಿಡಿ.

ಮಷೀನ್ ಲರ್ನಿಂಗ್ ಹಾಕಿದರೆ ಹಣ ಬರುತ್ತದೆ ಅನ್ನುವ ಭಾವನೆ ಹರಡಿದೆ. ನನಗೆ ಇದರ ಬಗ್ಗೆ ಆತಂಕ ಇದೆ. ಮಹಾ ಬಿರುಗಾಳಿಗಳು ಒಂದು ಚಕ್ರದಲ್ಲಿ ಬೆರಳೆಣಿಕೆಯಷ್ಟು. ಅಷ್ಟು ಕಡಿಮೆ ಉದಾಹರಣೆಯಿಂದ ಕಲಿತ ಯಂತ್ರ ಶಾಂತ ದಿನಗಳನ್ನು ಚೆನ್ನಾಗಿ ಹೇಳುತ್ತದೆ, ಬೇಕಾದ ದಿನ ಕೈಕೊಡುತ್ತದೆ. ಬಳಸುವುದಾದರೆ ಕಲಿಸುವ ಮಾಹಿತಿ ಮತ್ತು ಪರೀಕ್ಷಿಸುವ ಮಾಹಿತಿ ಬೇರೆ ಬೇರೆ ವರ್ಷದ್ದಾಗಿರಲಿ, ಸರಳ ವಿಧಾನಕ್ಕಿಂತ ಅದು ಎಷ್ಟು ಮೇಲು ಅಂತ ಅಳೆಯುವ ಯೋಜನೆ ಇರಲಿ.

ತಪ್ಪಿದರೆ ಏನು ಮಾಡುತ್ತೀರಿ ಅನ್ನುವುದನ್ನೂ ಬರೆಯಿರಿ. ನೌಕೆ ಕೆಟ್ಟರೆ, ಘಟನೆಗಳು ಸಾಲದಿದ್ದರೆ, ಮಾಡೆಲ್ ಹೊಂದದಿದ್ದರೆ? ಬದಲಿ ದಾರಿ ಇರುವ ಪ್ರಪೋಸಲ್ ಮೇಲೆ ನಂಬಿಕೆ ಬರುತ್ತದೆ.

ನಾಸಾದ ಕೆಲವು ಕಾರ್ಯಕ್ರಮಗಳಲ್ಲಿ ಎರಡೂ ಕಡೆ ಹೆಸರು ಮರೆಮಾಚಿ ವಿಮರ್ಶೆ ಮಾಡುತ್ತಾರೆ. ಅಲ್ಲಿ "ನಮ್ಮ ಹಿಂದಿನ ಲೇಖನದಲ್ಲಿ" ಅಂತ ಬರೆದರೆ ಗುರುತು ಬಿಟ್ಟುಕೊಟ್ಟ ಹಾಗೆ. ಎಲ್ಲ ಹಿಂದಿನ ಕೆಲಸವನ್ನೂ ಇನ್ಯಾರೋ ಮಾಡಿದ ಹಾಗೆ ಬರೆಯಬೇಕು. ಹೆಸರಿಲ್ಲದ ಹೊಸಬರಿಗೆ ಇದು ಒಳ್ಳೆಯ ಅವಕಾಶ ಅಂತ ನನಗನಿಸುತ್ತದೆ.

ಮಾಹಿತಿ ಮತ್ತು ಕೋಡ್ ಹಂಚುವ ಯೋಜನೆಯನ್ನು ಕೊನೆಯ ರಾತ್ರಿಗೆ ಬಿಡಬೇಡಿ. ಕೋಡ್ ಗಿಟ್‌ಹಬ್‌ನಲ್ಲಿ, ಅಂತಿಮ ಪಟ್ಟಿಗಳು ಝೆನೊಡೊದಂಥ ಶಾಶ್ವತ ಭಂಡಾರದಲ್ಲಿ, ಇಂಥ ದಿನದೊಳಗೆ, ಎಂದು ಸ್ಪಷ್ಟವಾಗಿ ಬರೆದರೆ ಸಾಕು.

ಹಂತ 6: ಬಜೆಟ್

ಇಲ್ಲಿ ದೊಡ್ಡ ಭಾಗ ಸಂಬಳ. ವಿದ್ಯಾರ್ಥಿಗೆ ಎಷ್ಟು ತಿಂಗಳು, ಪೋಸ್ಟ್‌ಡಾಕ್‌ಗೆ ಎಷ್ಟು, ನಿಮಗೆ ಎಷ್ಟು ಅಂತ ತಿಂಗಳ ಲೆಕ್ಕದಲ್ಲಿ ಬರೆದು, ಪ್ರತಿ ತಿಂಗಳಿಗೂ ವಿಧಾನದ ಯಾವ ಹಂತ ಅಂತ ಜೋಡಿಸಿ. ಆಮೇಲೆ ಸಮ್ಮೇಳನದ ಪ್ರಯಾಣ, ಲೇಖನ ಪ್ರಕಟಣೆಯ ಶುಲ್ಕ, ಒಂದು ಕಂಪ್ಯೂಟರ್, ಸಿಮ್ಯುಲೇಶನ್ ಇದ್ದರೆ ಡಿಸ್ಕ್ ಜಾಗ. ಕೊನೆಗೆ ಸಂಸ್ಥೆಯ ಓವರ್‌ಹೆಡ್, ಅಂದರೆ ಸಂಸ್ಥೆ ತನ್ನ ಸಾಮಾನ್ಯ ಖರ್ಚಿಗೆ ಇಟ್ಟುಕೊಳ್ಳುವ ಪಾಲು. ಇದು ಕೆಲವು ಕಡೆ ಒಟ್ಟು ಮೊತ್ತದ ದೊಡ್ಡ ಪಾಲನ್ನೇ ತಿನ್ನುತ್ತದೆ. ಅದಕ್ಕೇ ಮೊದಲ ದಿನವೇ ದರ ಕೇಳಿಕೊಳ್ಳಿ.

ಕಡಿಮೆ ಕೇಳಿದರೆ ಸಿಗುತ್ತದೆ ಅಂತ ಕತ್ತರಿಸಬೇಡಿ. ಮೂರು ವರ್ಷದ ಕೆಲಸಕ್ಕೆ ಒಂದು ವರ್ಷದ ಸಂಬಳ ಕೇಳಿದರೆ ಕೆಲಸದ ಅಂದಾಜೇ ಇಲ್ಲ ಅಂತ ಪ್ಯಾನೆಲ್ ಅಂದುಕೊಳ್ಳುತ್ತದೆ. ಕೊನೆಗೆ ಕಷ್ಟ ಆಗುವುದು ಸಂಬಳ ಸಾಲದ ಆ ವಿದ್ಯಾರ್ಥಿಗೆ.

ಸಂಸ್ಥೆಯ ಕಚೇರಿಗೆ ತನ್ನದೇ ಡೆಡ್‌ಲೈನ್ ಇರುತ್ತದೆ, ಅದು ನಿಜವಾದ ದಿನಕ್ಕಿಂತ ಎಷ್ಟೋ ಮೊದಲು. ಅಂಕಿತ ಹಾಕಬೇಕಾದವರು ರಜೆಯಲ್ಲಿರಬಹುದು. ಸಹಯೋಗಿಗಳ ಪತ್ರ ಬೇರೆ ಸಮಯವಲಯದಿಂದ ಬರಬೇಕು. ಬಜೆಟ್ ಭಾಗವನ್ನು ವಿಜ್ಞಾನದ ಭಾಗಕ್ಕಿಂತ ಮೊದಲೇ ಮುಗಿಸಿ.

ಹಂತ 7: ಫಲಿತಾಂಶ ಬಂದ ಮೇಲೆ

ತಿರಸ್ಕಾರ ಬಂದರೆ ಕೆಲವು ದಿನ ಪತ್ರ ಮುಚ್ಚಿಡಿ. ಆಮೇಲೆ ವಿಮರ್ಶಕರ ಟಿಪ್ಪಣಿಗಳನ್ನು ಎರಡು ಗುಂಪು ಮಾಡಿ: "ಇಲ್ಲಿ ತಪ್ಪಿದೆ" ಅನ್ನುವವು ಒಂದು ಕಡೆ, "ನನಗೆ ನಂಬಿಕೆ ಬರುತ್ತಿಲ್ಲ" ಅನ್ನುವವು ಇನ್ನೊಂದು ಕಡೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಈ ಕ್ಷೇತ್ರದ ಹುಟ್ಟಿನಲ್ಲೇ ಕಾಣುತ್ತದೆ. ಕರೋನಾದಿಂದ ನಿರಂತರವಾಗಿ ವೇಗದ ಹರಿವು ಹೊರಡಲೇಬೇಕು ಅಂತ ಅಮೆರಿಕದ ವಿಜ್ಞಾನಿ ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇಬ್ಬರು ವಿಮರ್ಶಕರು ಲೇಖನ ಬೇಡ ಅಂದರು. ಲೇಖನ ಹೋಗಿದ್ದ ವಿಜ್ಞಾನ ಪತ್ರಿಕೆಗೆ ಆಗ ಸಂಪಾದಕರಾಗಿದ್ದವರು ಖಭೌತ ವಿಜ್ಞಾನಿ ಎಸ್. ಚಂದ್ರಶೇಖರ್. ಅವರಿಗೂ ಆ ವಿಚಾರ ಒಪ್ಪಿಗೆ ಇರಲಿಲ್ಲ. ಆದರೆ ವಿಮರ್ಶಕರು ಲೆಕ್ಕದಲ್ಲಿ ಒಂದು ತಪ್ಪನ್ನೂ ತೋರಿಸಿರಲಿಲ್ಲ. ಹಾಗಾಗಿ ಚಂದ್ರಶೇಖರ್ ಅದನ್ನು ಪ್ರಕಟಿಸಿದರು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಸೌರ ಮಾರುತವನ್ನು ಅಳೆಯಿತು. 2018ರಲ್ಲಿ ತಮ್ಮದೇ ಹೆಸರಿನ ನೌಕೆ ಹಾರುವುದನ್ನು ಪಾರ್ಕರ್ ಕಣ್ಣಾರೆ ನೋಡಿದರು.

"ತಪ್ಪಿದೆ" ಗುಂಪಿನ ಪ್ರತಿ ಟಿಪ್ಪಣಿಗೂ ಪ್ರಪೋಸಲ್‌ನಲ್ಲಿ ಬದಲಾವಣೆ ಬೇಕು. "ನಂಬಿಕೆ ಇಲ್ಲ" ಗುಂಪಿಗೆ ಇನ್ನೊಂದು ಘಟನೆ, ಇನ್ನೊಂದು ಚಿತ್ರ, ಇನ್ನೂ ಸರಳವಾದ ಮಾತು ಬೇಕು. ಈ ನಡುವೆ ಹಂತ 2ರ ಕೆಲಸ ನಿಲ್ಲಿಸಬೇಡಿ. ಎರಡನೇ ಸಲ ಕಳಿಸುವಾಗ ಅದು ಒಂದು ಸಣ್ಣ ಲೇಖನವಾಗಿ ಪ್ರಕಟವಾಗಿದ್ದರೆ ನಂಬಿಕೆಯ ಪ್ರಶ್ನೆ ಅರ್ಧ ಮುಗಿದಂತೆ.

ವಿಮರ್ಶಕರಾಗಲು ಹೆಸರು ಕೊಡಿ. ನಾಸಾ ಸ್ವಯಂಸೇವಕರಿಗೆ ಫಾರ್ಮ್ ಇಟ್ಟಿದೆ, ಪ್ಯಾನೆಲ್‌ನಲ್ಲಿ ಟಿಪ್ಪಣಿ ಬರೆದುಕೊಳ್ಳುವ ಕೆಲಸಕ್ಕೆ ಯುವಕರನ್ನೂ ಕರೆಯುತ್ತಾರೆ. ಒಂದು ಸಲ ಆ ಕೋಣೆಯಲ್ಲಿ ಕೂತರೆ ಒಳ್ಳೆಯ ಪ್ರಪೋಸಲ್‌ಗೂ ಆಯ್ಕೆಯಾದ ಪ್ರಪೋಸಲ್‌ಗೂ ಇರುವ ಅಂತರ ಕಾಣುತ್ತದೆ. ಕೆಲವು ಸಲ ಆ ಅಂತರ ಬರೀ ಹಣದ ಮಿತಿ ಆಗಿರುತ್ತದೆ.

ಗ್ರಾಂಟ್ ಸಿಕ್ಕರೆ ಮೊದಲ ತಿಂಗಳಲ್ಲೇ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್ ಹುಡುಕಲು ಶುರು ಮಾಡಿ, ಯೋಜನೆಗಳು ಹಿಂದೆ ಬೀಳುವುದು ಹೆಚ್ಚಾಗಿ ಅಲ್ಲೇ. ವಾರ್ಷಿಕ ವರದಿಯ ದಿನಾಂಕ ಬರೆದಿಟ್ಟುಕೊಳ್ಳಿ. ಪ್ರತಿ ಲೇಖನದಲ್ಲೂ ಗ್ರಾಂಟ್ ಸಂಖ್ಯೆಯನ್ನೂ, ಮಾಹಿತಿ ಕೊಟ್ಟ ಉಪಕರಣದ ತಂಡವನ್ನೂ ನೆನೆಯಿರಿ. ಸಮಯ ಸಾಲದಿದ್ದರೆ ಹೆಚ್ಚುವರಿ ಹಣವಿಲ್ಲದೆ ಅವಧಿ ವಿಸ್ತರಿಸುವ ಅವಕಾಶ ಬಹಳ ಕಡೆ ಇದೆ. ಅದನ್ನು ಅವಧಿ ಮುಗಿಯುವ ಮೊದಲೇ ಕೇಳಬೇಕು.